ಕಾಕ್ರೋಚ್‌ಮೆಂಟ್

ನಮ್ಮ ಮನೆಯಲ್ಲಿ ಆರು ದಿನ ಜಿರಳೆ ಬೇಟೆ ನಡೆದದ್ದು ಒಂದು ಇಂಗ್ಲಿಷ್ ಪದದ ದೆಸೆಯಿಂದ. ಆ ಪದಕ್ಕೂ ಜಿರಳೆಗೂ ಯಾವ ಸಂಬಂಧವೂ ಇಲ್ಲ ಎಂದು ಗೊತ್ತಾಗುವ ಹೊತ್ತಿಗೆ ಜಿರಳೆಗಳೆಲ್ಲ ಸತ್ತಿದ್ದವು. ಈಗಲೂ ಅವುಗಳನ್ನು ನೆನೆದರೆ ಪಾಪ ಅನ್ನಿಸುತ್ತದೆ, ನಗುವೂ ಬರುತ್ತದೆ. ಎರಡರಲ್ಲಿ ನಗುವೇ ಮೊದಲು ಬರುತ್ತದೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ನಾನು ಒಂಬತ್ತನೇ ತರಗತಿ. ಏಳನೆಯವರೆಗೆ ಹಲಸೂರಿನ ಕನ್ನಡ ಶಾಲೆಯಲ್ಲಿ ಹಾಯಾಗಿದ್ದವಳನ್ನು ಅಪ್ಪ ಎತ್ತಿ ದಂಡಿನ ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಕಂಟೋನ್ಮೆಂಟ್ ಎಂಬ ಮಾತು ನಮ್ಮ ಮನೆಯಲ್ಲಿರಲಿಲ್ಲ, ನಮಗದು ದಂಡು. ಮೊದಲ ವರ್ಷ ಆ ಶಾಲೆಯಲ್ಲಿ ನಾನು ಬಾಯಿ ತೆರೆದದ್ದು ಊಟದ ಡಬ್ಬಿ ತೆರೆದಾಗ ಮಾತ್ರ. ಆಮೇಲೆ ಹೊಸ ಇಂಗ್ಲಿಷ್ ಮೇಡಂ ಬಂದರು. ಮನೆಮಾತು ತಮಿಳು, ಆದರೆ ಕನ್ನಡವನ್ನು ನಮಗಿಂತ ಚೊಕ್ಕವಾಗಿ ಆಡುತ್ತಿದ್ದರು. ಒಂದು ದಿನ ಅವರು ಬೋರ್ಡಿನ ಮೇಲೆ ‘ಅನ್‌ಹ್ಯಾಪಿನೆಸ್’ ಎಂದು ಬರೆದು, ಇಂಗ್ಲಿಷಿನ ಉದ್ದ ಪದಗಳಿಗೆ ಹೆದರಬಾರದು, ಅವಕ್ಕೆ ತಲೆ ಇದೆ, ಬಾಲ ಇದೆ, ಎರಡನ್ನೂ ತೆಗೆದು ನೋಡಿ ಎಂದರು. ಅನ್ ಅಳಿಸಿದರು. ನೆಸ್ ಅಳಿಸಿದರು. ನಡುವೆ ‘ಹ್ಯಾಪಿ’ ಕೂತಿತ್ತು. ದುಃಖದ ಹೊಟ್ಟೆಯೊಳಗೆ ಸಂತೋಷ ಸದ್ದಿಲ್ಲದೆ ಕೂತಿರುವುದನ್ನು ಕಂಡು ನನಗೆ ತಲೆ ಗಿರ್ರೆಂದಿತು.

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಕೂತು ಕಂಡಕಂಡ ಬೋರ್ಡುಗಳ ತಲೆ ಬಾಲ ಕತ್ತರಿಸತೊಡಗಿದೆ. ಡಿಪಾರ್ಟ್‌ಮೆಂಟ್ ಕತ್ತರಿಸಿದರೆ ಪಾರ್ಟ್. ಅಪಾರ್ಟ್‌ಮೆಂಟ್ ಕತ್ತರಿಸಿದರೂ ಪಾರ್ಟ್. ನಮ್ಮ ಕಡೆ ಆಗಷ್ಟೇ ಮೇಲೇಳುತ್ತಿದ್ದ ಅಪಾರ್ಟ್‌ಮೆಂಟುಗಳನ್ನು ಅಷ್ಟು ಸುಲಭವಾಗಿ ಕತ್ತರಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಮನೆಯಲ್ಲಿ ಸಾರು ಬಡಿಸುತ್ತಿದ್ದ ಅಮ್ಮನಿಗೂ ಪಾಠ ಹೇಳಿದೆ. ಅಮ್ಮ ಸೌಟನ್ನು ಪಾತ್ರೆಗೆ ಬಿಟ್ಟು, “ಹಿಂಗೇ ಮೆಂಟು ಮೆಂಟು ಅಂತ ಸುತ್ತು, ಕೊನೆಗೆ ಮೆಂಟ್ಲಾಗ್ತೀಯ,” ಅಂದಳು.

ಅಷ್ಟರಲ್ಲಿ ಮೇಡಂ ಒಂದು ಕೆಲಸ ಕೊಟ್ಟರು. ಒಬ್ಬೊಬ್ಬರೂ ತಲೆಯೂ ಬಾಲವೂ ಇರುವ ಒಂದೊಂದು ಪದ ತರಬೇಕು. ಅದು ಎಲ್ಲಿ ಹುಟ್ಟಿತು, ಅದರ ನೆಂಟರು ಯಾರು ಎಂದು ತರಗತಿಯ ಮುಂದೆ ನಿಂತು ಹೇಳಬೇಕು. ಪುಸ್ತಕದಿಂದ ಹೆಕ್ಕುವಂತಿಲ್ಲ, ಮನೆಯಲ್ಲೋ ಬೀದಿಯಲ್ಲೋ ಕಿವಿಗೆ ಬಿದ್ದ ಪದವೇ ಆಗಬೇಕು. ನನ್ನ ಕಿವಿಗೆ ಬೀಳುತ್ತಿದ್ದ ಇಂಗ್ಲಿಷೆಂದರೆ ಬಸ್ಸು, ಗ್ಯಾಸು, ಕರೆಂಟು, ಟೆನ್ಷನ್. ಟೆನ್ಷನ್ನಿಗೆ ಬಾಲವೇನೋ ಇತ್ತು, ತಲೆಯಿರಲಿಲ್ಲ. ನಾನು ಬಾಯಿ ಮುಚ್ಚಿ ಕಿವಿ ತೆರೆದು ಕಾಯತೊಡಗಿದೆ.

ನಮ್ಮ ಮನೆ ಇಂದಿರಾನಗರದ ಬೆನ್ನಿಗೆ ಅಂಟಿಕೊಂಡಿದ್ದ ಹಳೆಯ ಊರಿನದು. ಊರು ಎಂದರೆ ಮೂರು ಬೀದಿ, ಒಂದು ಅರಳಿಕಟ್ಟೆ. ಸುತ್ತಲಿದ್ದ ರಾಗಿ ಹೊಲಗಳೆಲ್ಲ ನಾನು ಹುಟ್ಟುವುದಕ್ಕೆ ಮೊದಲೇ ಬಡಾವಣೆಯಾಗಿ, ಮೇನ್ ಕ್ರಾಸ್‌ಗಳಾಗಿ, ಬೋಗನ್‌ವಿಲ್ಲ ಹಬ್ಬಿಸಿದ ಕಾಂಪೌಂಡುಗಳಾಗಿದ್ದವು. ನಮ್ಮ ಜಮೀನೂ ಹಾಗೇ ಹೋಗಿತ್ತು. ಹೋಗುವಾಗ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಒಂದೇ ಒಂದು ವಸ್ತುವಿಗೆ ಹಟ ಹಿಡಿದಳಂತೆ. ಬಾವಿಯ ಬಳಿ ಬಿಂದಿಗೆ ಇಡುವ ಚಪ್ಪಡಿ ಕಲ್ಲು. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಕೈಗಾತ್ರ ದಪ್ಪ. ಅದನ್ನು ಗಾಡಿಯಲ್ಲಿ ಹೇರಿಸಿ ತಂದು, ಮನೆಯ ಮುಂಬಾಗಿಲ ಪಕ್ಕ ಎರಡು ಗುಂಡುಕಲ್ಲಿನ ಮೇಲೆ ಇಡಿಸಿದಳು. ಅದು ನಮ್ಮ ಜಗುಲಿ.

ಜಗುಲಿ ಎಂದರೆ ಅಜ್ಜಿಯ ರಾಜ್ಯ. ಅವಳಿಗೆ ಮಂಡಿ ನೋವು, ಎರಡು ಮನೆ ದಾಟಿ ಹೋಗಲಾರಳು. ಹಾಗಾಗಿ ಬೀದಿಯೇ ಅವಳ ಬಳಿಗೆ ಬರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅವಳು ಕ್ರೋಷಾ ಕಡ್ಡಿ, ದಾರದುಂಡೆ ಹಿಡಿದು ಕೂರುತ್ತಿದ್ದಳು. ಹುಡುಗಿಯಾಗಿದ್ದಾಗ ದಂಡಿನ ಬಂಗಲೆಗಳಿಗೆ ಹಾಲು ಹಾಕಲು ಹೋಗುತ್ತಿದ್ದಳಂತೆ. ಅಲ್ಲೊಬ್ಬ ಅಮ್ಮನವರು ವರಾಂಡದಲ್ಲಿ ಕೂರಿಸಿಕೊಂಡು ಕ್ರೋಷಾ ಕಲಿಸಿದರಂತೆ. ನಮ್ಮ ಟಿ.ವಿ.ಗೆ ಕ್ರೋಷಾ ಹೊದಿಕೆ, ರೇಡಿಯೋಗೆ ಕ್ರೋಷಾ ಹೊದಿಕೆ, ಬಾಗಿಲಿಗೆ ಕ್ರೋಷಾ ತೋರಣ. ಅಪ್ಪ ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿದ್ದರೆ ಅವರಿಗೂ ಒಂದು ಹೊದಿಕೆ ಬೀಳುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಅಜ್ಜಿ ಕಡ್ಡಿ ಆಡಿಸುತ್ತಿದ್ದ ಹಾಗೇ ಹೂವಿನಾಕೆ ಬುಟ್ಟಿ ಇಳಿಸಿ ಕೂರುವಳು. ಇಸ್ತ್ರಿ ಅಂಗಡಿಯ ಅತ್ತೆಯೂ ಸೊಸೆಯೂ ಬರುವರು. ಅವರಿಬ್ಬರಿಗೆ ಮನೆಯೊಳಗೆ ಮಾತಿಲ್ಲ, ಜಗುಲಿಯ ಮೇಲೆ ಅಜ್ಜಿಯ ಮೂಲಕ ಮಾತು. ಎದುರುಮನೆಯ ಖಾಲಾ ಎಲೆಯಡಿಕೆ ತರುವರು. “ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ,” ಎಂದು ಅಜ್ಜಿ ಕಲ್ಲನ್ನು ತಟ್ಟಿ ಹೇಳುತ್ತಿದ್ದಳು. ಬಾವಿಯ ಕಲ್ಲಾದ್ದರಿಂದ ಆ ಗಾದೆ ಅವಳ ಬಾಯಲ್ಲಿ ಸರಿಯಾಗಿಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಜಗುಲಿಯ ಮೇಲೆ ಕೆಂಪು ಬಣ್ಣದ ದೊಡ್ಡ ಗುಣಾಕಾರ ಚಿಹ್ನೆ. ಅಜ್ಜಿ ಅದರ ಮೇಲೆ ಸೆರಗು ಹರಡಿ ಕೂತಿದ್ದಳು. ಸನ್ನೆ ಮಾಡಿ ಒಳಗೆ ಕರೆದು, ಬಾಗಿಲು ಹಾಕಿಸಿ, ಅಡುಗೆಮನೆಯಲ್ಲಿ ಅಮ್ಮನ ಮುಂದೆ ಪಿಸುಗುಟ್ಟಿದಳು.

“ವಾರ್ಡ್ ಆಪೀಸಿಂದ ಒಬ್ಬ ಬಂದಿದ್ದ. ಎಳೇ ಹುಡುಗ, ಇಂಜಿನೀರಂತೆ. ನಮ್ಮನೇಲಿ ಕಾಕ್ರೋಚ್‌ಮೆಂಟ್ ಆಗೈತಂತೆ. ಏಳು ದಿನದಲ್ಲಿ ಕಿಲೀರ್ ಮಾಡ್ಬೇಕಂತೆ. ಇಲ್ದಿದ್ರೆ ಅವರೇ ಜನ ಕರ್ಕಂಡ್ ಬಂದು ಕಿಲೀರ್ ಮಾಡ್ತಾರಂತೆ.”

“ಏನಾಗಿದೆಯಂತೆ?” ಅಂದಳು ಅಮ್ಮ.

“ಜಿರಳೆ ಕಣೇ. ಟಿ.ವಿ.ನಾಗೆ ಬರಲ್ವಾ, ಕಾಕ್ರೋಚು. ಅದು ಜಾಸ್ತಿಯಾದ್ರೆ ಕಾಕ್ರೋಚ್‌ಮೆಂಟು. ಬೀದಿ ಮುಂದೆ ಕೆಂಪು ಗುರ್ತು ಬೇರೆ ಹಾಕವ್ನೆ, ಮರ್ಯಾದೆ ಇಲ್ದೋನು.”

ಅಮ್ಮನ ಮುಖ ನೋಡಬೇಕಿತ್ತು. ಅವಳ ಅಡುಗೆಮನೆಗೆ ಯಾರೂ ಹೆಸರಿಟ್ಟಿರಲಿಲ್ಲ. ಈಗ ಸರ್ಕಾರವೇ ಬಂದು ಹೆಸರಿಟ್ಟಿತ್ತು. ಅವನು ಒಳಗೆ ಬಂದು ನೋಡಿದನಾ ಎಂದು ಕೇಳಿದಳು. ಇಲ್ಲ, ಹೊರಗೇ ಟೇಪು ಹಿಡಿದು ಅಳೆದ ಎಂದಳು ಅಜ್ಜಿ. ಜಿರಳೆಯನ್ನು ಹೊರಗಿನಿಂದ ಟೇಪು ಹಿಡಿದು ಅಳೆಯುವುದು ಹೇಗೆ ಎಂಬ ಪ್ರಶ್ನೆ ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಮಾನವಾದಾಗ ಬುದ್ಧಿ ಮಂಕಾಗುತ್ತದೆ. ನನ್ನ ಬುದ್ಧಿಯಂತೂ ಬೇರೆ ಕಡೆಗೇ ಓಡಿತ್ತು. ಕಾಕ್ರೋಚ್‌ಮೆಂಟ್. ಮೆಂಟ್ ಎಂಬ ಬಾಲ ಇದೆ. ಕಾಕ್ ಎಂಬ ತಲೆ ಇದೆ. ನಡುವೆ ರೋಚ್ ಇದೆ. ಮನೆ ಬಾಗಿಲಿಗೇ ಬಂದ ಪದ. ನನಗೆ ಕುಣಿಯುವಷ್ಟು ಖುಷಿಯಾಯಿತು, ಕುಣಿದೂಬಿಟ್ಟೆ. ಅಮ್ಮ ಸೌಟೆತ್ತಿದಳು.

ಮರುದಿನದಿಂದ ಬೇಟೆ. ಅಪ್ಪ ಶಿವಾಜಿನಗರದ ಸಂದಿಯೊಂದರಿಂದ ಜಿರಳೆ ಚಾಕ್‌ಪೀಸಿನ ಒಂದು ಕಟ್ಟು ತಂದರು. ಅಮ್ಮ ಅದರಿಂದ ಅಡುಗೆಮನೆಯ ಕಟ್ಟೆ, ಕಪಾಟು, ಬಚ್ಚಲು, ದೇವರ ಗೂಡು, ಎಲ್ಲದರ ಸುತ್ತ ಗೆರೆ ಎಳೆದಳು. ಗೆರೆ ತುಳಿಯುವಂತಿಲ್ಲ. ನಮ್ಮ ಮನೆಯಲ್ಲಿ ಆ ವಾರ ಎಲ್ಲರೂ ಕುಂಟಾಬಿಲ್ಲೆ ಆಡಿದ ಹಾಗೆ ನಡೆಯುತ್ತಿದ್ದೆವು. ಹಳೆ ಪೇಪರು, ಮುರಿದ ಮಿಕ್ಸಿ, ಅಪ್ಪ ಜೋಪಾನ ಮಾಡಿದ್ದ ಕ್ಯಾಲೆಂಡರುಗಳು, ಎಲ್ಲ ಹೊರಗೆ ಹೋದವು. ಅಪ್ಪ ಪೊರಕೆ ಹಿಡಿದು ಒಂದು ಜಿರಳೆಯನ್ನು ಅಟ್ಟಿಸಿಕೊಂಡು ಹೋಗಿ ತಾವೇ ಗೆರೆಯ ಮೇಲೆ ಜಾರಿ ಬಿದ್ದರು. ಅಜ್ಜಿ ಜಗುಲಿಯಿಂದ ಅಲ್ಲಾಡಲಿಲ್ಲ. ಬಂದ ಹೆಂಗಸರಿಗೆ ಕೆಂಪು ಗುರುತು ಕಾಣದಂತೆ ಅದರ ಮೇಲೇ ಕೂತು, ಕೂತಲ್ಲೇ ಲೆಕ್ಕ ಕೇಳುತ್ತಿದ್ದಳು. “ಒಳಗೇನು ಹುಡುಕ್ತಾವ್ರೆ?” ಎಂದು ಹೂವಿನಾಕೆ ಏನೂ ತಿಳಿಯದೆ ಕೇಳಿದಾಗ, “ಕಳೆದೋಗಿರೋ ಓಲೆ ಹುಡುಕ್ತಾವ್ರೆ,” ಎಂದಳು.

ಆರನೆಯ ದಿನ ಶಾಲೆಯಲ್ಲಿ ನನ್ನ ಸರದಿ ಬಂತು. ಅಷ್ಟರಲ್ಲಿ ಅಗ್ರಿಮೆಂಟು ಎರಡು ಸಲ, ಡಿಸ್‌ಅಪಾಯಿಂಟ್‌ಮೆಂಟು ಮೂರು ಸಲ ಬಂದುಹೋಗಿದ್ದವು. ನಾನು ಎದ್ದು ನಿಂತು ಗಟ್ಟಿಯಾಗಿ, “ಕಾಕ್ರೋಚ್‌ಮೆಂಟ್,” ಎಂದೆ.

ತರಗತಿಯಲ್ಲಿ ಎಲ್ಲರೂ ಬೆಂಚುಗಳು ಮುರಿಯುವ ಹಾಗೆ ನಕ್ಕರು. ಮೇಡಂ ನಗಲಿಲ್ಲ.

“ಅರ್ಥ?” ಎಂದರು.

“ಮನೆಯಲ್ಲಿ ಜಿರಳೆ ಜಾಸ್ತಿಯಾಗೋದು, ಮೇಡಂ.”

“ಯಾರು ಹೇಳಿದ್ದು?”

“ವಾರ್ಡ್ ಆಫೀಸಿನವರು, ಮೇಡಂ. ಏಳು ದಿನ ಟೈಮ್ ಕೊಟ್ಟಿದಾರೆ. ಜಗುಲಿ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದಾರೆ.”

ಮೇಡಂ ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು. “ನಿಮ್ಮ ಜಗುಲಿ ರಸ್ತೆ ಮೇಲಿದೆಯಾ?”

“ಇಲ್ಲ ಮೇಡಂ. ರಸ್ತೆ ಜಗುಲಿ ಹತ್ತಿರಕ್ಕೆ ಬಂದಿದೆ.”

ಈಗ ಅವರು ನಕ್ಕರು. ನಕ್ಕು, ಊಟದ ಬಿಡುವಿನಲ್ಲಿ ಲೈಬ್ರರಿಗೆ ಬಾ ಎಂದರು. ಅಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಂಥ ಒಂದು ನಿಘಂಟು ಇತ್ತು. ಅವರು ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಪದ ಎನ್‌ಕ್ರೋಚ್‌ಮೆಂಟ್. ಎನ್ ಅಂದರೆ ಒಳಕ್ಕೆ. ಮೆಂಟ್ ಅಂದರೆ ಆ ಕೆಲಸ ಅಥವಾ ಆ ಕೆಲಸದಿಂದ ಆದದ್ದು. ನಡುವಿನ ಕ್ರೋಚ್ ಹುಟ್ಟಿದ್ದು ಹಳೆಯ ಫ್ರೆಂಚಿನ ಒಂದು ಪದದಿಂದ, ಅದರ ಅರ್ಥ ಕೊಕ್ಕೆ. ಕೊಕ್ಕೆ ಹಾಕಿ ತನ್ನ ಕಡೆಗೆ ಎಳೆದುಕೊಳ್ಳುವುದು. ಬೇರೆಯವರ ಜಾಗವನ್ನು ಹಾಗೆ ಎಳೆದುಕೊಂಡರೆ ಎನ್‌ಕ್ರೋಚ್‌ಮೆಂಟ್.

“ಕೊಕ್ಕೆ, ಕ್ರೋಚು, ಎರಡೂ ಒಂದೇ ಥರ ಕೇಳತ್ತೆ ಮೇಡಂ. ನೆಂಟರಾ?”

“ಅಲ್ಲ. ಮುಖ ಹೋಲಿದ ತಕ್ಷಣ ನೆಂಟಸ್ತನ ಬೆಳೆಸಬಾರದು,” ಎಂದರು. ಆಮೇಲೆ ಪುಟ ಹಿಂದಕ್ಕೆ ತಿರುಗಿಸಿದರು. “ನಿಜವಾದ ನೆಂಟರು ಇಲ್ಲಿದಾರೆ ನೋಡು. ಅದೇ ಕೊಕ್ಕೆಗೆ ಪುಟ್ಟದು ಅನ್ನೋ ಬಾಲ ಅಂಟಿಸಿದರೆ ಕ್ರೋಷೆ. ಪುಟ್ಟ ಕೊಕ್ಕೆ.”

“ಅಜ್ಜಿ ಕ್ರೋಷಾ,” ಎಂದು ನಾನು ಲೈಬ್ರರಿಯಲ್ಲಿ ಕಿರುಚಿದೆ. ಅಜ್ಜಿಯ ಬೆರಳ ನಡುವಿನ ಆ ಸಣ್ಣ ಉಕ್ಕಿನ ಕಡ್ಡಿ, ಸರ್ಕಾರಿ ಪದದ ಹೊಟ್ಟೆಯೊಳಗೆ ಸಿಕ್ಕಿತ್ತು. ಅಷ್ಟು ಸಂತೋಷ ನನಗೆ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿರಲಿಲ್ಲ. ಮೇಡಂ ನನ್ನ ಭುಜ ಹಿಡಿದು, “ಏಳು ದಿನ ಅಂದೆಯಲ್ಲ, ಯಾವತ್ತಿಗೆ ಮುಗಿಯತ್ತೆ?” ಎಂದು ಕೇಳಿದರು.

ನಾಳೆಗೆ. ನಾಳೆ ಜಗುಲಿಯನ್ನು ಒಡೆಯುತ್ತಾರೆ. ನಾವು ಆರು ದಿನ ಜಿರಳೆ ಹೊಡೆದಿದ್ದೆವು. ನನ್ನ ಸಂತೋಷ ಅಲ್ಲೇ ಇಳಿದುಹೋಯಿತು, ಅದರ ಜಾಗಕ್ಕೆ ನಿಜವಾದ ಭಯ ಬಂತು.

ಮನೆಗೆ ಓಡಿಬಂದು ಎಲ್ಲವನ್ನೂ ಹೇಳಿದೆ. ಅಮ್ಮ ಮೊದಲು ಕೇಳಿದ್ದು, “ಹಂಗಾದ್ರೆ ನಮ್ಮನೇಲಿ ಜಿರಳೆ ಇಲ್ವಾ?” ಅವಳ ಮುಖದಲ್ಲಿ ಬೆಳಕೇ ಬಂತು. ಅಜ್ಜಿ ಮಾತ್ರ ಅರ್ಥವೇನೆಂದು ಇನ್ನೊಮ್ಮೆ ಕೇಳಿದಳು. ಒತ್ತುವರಿ ಎಂದೆ. ಹೊಲ ಉತ್ತವಳಿಗೆ ಆ ಪದ ಬಿಡಿಸಿ ಹೇಳಬೇಕಿರಲಿಲ್ಲ. ಪಕ್ಕದ ಹೊಲದವನು ರಾತ್ರೋರಾತ್ರಿ ಬದುವನ್ನು ಒಂದು ಗೇಣು ಒತ್ತುವುದನ್ನು ಕಂಡವಳು ಅವಳು.

“ಒತ್ತುವರಿ ಅಂತ ಬಾಯ್ಬಿಟ್ಟು ಹೇಳಕ್ಕೆ ಏನಾಗಿತ್ತು ಅವನಿಗೆ ರೋಗ? ಅವತ್ತೇ ಟೇಪು ಕಿತ್ಕತಿದ್ದೆ,” ಎಂದಳು. ಆಮೇಲೆ ಬೀದಿಯ ಆಚೆ, ಬಡಾವಣೆಯ ಮನೆಗಳ ಕಡೆ ಕೈ ತೋರಿಸಿ, “ಅಷ್ಟೂ ರಾಗಿ ಹೊಲ ಮಗ. ಅದೆಲ್ಲ ಹೋಯ್ತು. ಈ ಕಲ್ಲು ನಂದು ಒತ್ತುವರೀನಾ?” ಎಂದು ನಕ್ಕಳು. ನಗು ಸರಿಯಾಗಿ ಬರಲಿಲ್ಲ.

ಸಂಜೆ ಅಪ್ಪ ಬಂದು ವಿಷಯ ತಿಳಿದು ತಲೆ ಕೆರೆದುಕೊಂಡರು. ಅವರು ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಯಾರ ಹತ್ತಿರವೂ ಜಗಳವಾಡಿದವರಲ್ಲ. “ಹೋಗ್ಲಿ ಬಿಡವ್ವ. ಬೀದಿಗೆ ಮೋರಿ ಮಾಡ್ತಾರಂತೆ, ಜಾಗ ಬೇಕಲ್ವಾ. ನಿಂಗೆ ಬಾಗಿಲ ಹತ್ರ ಒಂದು ಪ್ಲಾಸ್ಟಿಕ್ ಚೇರ್ ಹಾಕಿಸ್ತೀನಿ,” ಎಂದರು.

“ಚೇರ್‌ನಾಗೆ ಒಬ್ಬಳು ಕೂರ್ಬೋದು ಕಣಪ್ಪ,” ಎಂದಳು ಅಜ್ಜಿ. “ಒಬ್ಬಳೇ ಕೂರಕ್ಕೆ ನಾನೇನು ಬಸ್ಸಿಗೆ ಕಾಯ್ತಿದೀನಾ?”

ನನಗೆ ಅಳು ಬಂತು. ಆ ಕಲ್ಲಿಲ್ಲದೆ ಬೀದಿ ಅವಳ ಬಳಿಗೆ ಬರುವುದಿಲ್ಲ, ಅವಳು ಬೀದಿಗೆ ಹೋಗಲಾರಳು, ಲೆಕ್ಕ ಅಷ್ಟು ಸರಳವಾಗಿತ್ತು.

ಮರುದಿನ ಶನಿವಾರ, ನಾನು ಶಾಲೆಗೆ ಹೋಗಲಿಲ್ಲ. ಹತ್ತು ಗಂಟೆಗೆ ಎಂಜಿನಿಯರು ಬಂದರು. ಹಿಂದೆ ನಾಲ್ಕು ಜನ ಕೆಲಸದವರು, ದೊಡ್ಡ ಸುತ್ತಿಗೆ, ಹಾರೆ. ಅಜ್ಜಿ ಜಗುಲಿಯ ನಟ್ಟನಡುವೆ ಕೂತು ಕ್ರೋಷಾ ಹಾಕುತ್ತಿದ್ದಳು. ಅಮ್ಮ ಎಂಜಿನಿಯರನ್ನು ಮಾತಿಗೂ ಬಿಡದೆ ಒಳಗೆ ಕರೆದಳು. “ಸಾರ್, ಮೊದ್ಲು ಅಡುಗೆಮನೆ ನೋಡಿ,” ಎಂದು ಹಟ ಹಿಡಿದಳು. ಆರು ದಿನದ ದುಡಿಮೆಯನ್ನು ಯಾರಾದರೊಬ್ಬರು ಸರ್ಕಾರದವರು ನೋಡಲೇಬೇಕಿತ್ತು ಅವಳಿಗೆ. ಅವರು ಒಳಗೆ ಬಂದು ನೆಲದ ಮೇಲಿನ ಬಿಳಿ ಗೆರೆಗಳನ್ನು ದಿಗಿಲಿನಿಂದ ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಗು ತಡೆಯಲಾಗಲಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಹೊರಗೆ ಬಂದು ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. “ತಪ್ಪು ನಂದೇ ಅಜ್ಜಿ. ನಾ ಬಿಜಾಪುರದ ಕಡೆಯವ. ನಮ್ಮ ಕಡೆ ಅತಿಕ್ರಮಣ ಅಂತೀವ್ರಿ. ಇಲ್ಲಿ ನಾ ಬಾಯಿ ತೆರದ್ರ ಸಾಕು, ಆಫೀಸಿನ್ಯಾಗ ನಗತಾರ. ಅದಕ್ಕ ಯಾವದಕ್ಕೂ ಇರಲಿ ಅಂತ ಇಂಗ್ಲಿಷಿನ್ಯಾಗ ಹೇಳಿಬಿಡ್ತೀನ್ರಿ.”

“ನಿಂದೂ ಕನ್ನಡ, ನಂದೂ ಕನ್ನಡ. ನಡುವೆ ಜಿರಳೆ ಸತ್ತೋಯ್ತು,” ಎಂದಳು ಅಜ್ಜಿ.

ಅತಿಕ್ರಮಣ ಎಂಬುದು ಕಿವಿಗೆ ಬಿದ್ದದ್ದೇ ತಡ, ಆ ಗಡಿಬಿಡಿಯಲ್ಲೂ ನಾನು ಅದರ ತಲೆ ಬಾಲ ಬಿಡಿಸಿದೆ. ಅತಿ ಎಂಬ ತಲೆ, ನಡುವೆ ಹೆಜ್ಜೆ. ಇಂಗ್ಲಿಷಿನವನು ಕೊಕ್ಕೆ ಹಾಕಿ ಎಳೆಯುತ್ತಾನೆ, ಸಂಸ್ಕೃತದವನು ಗೆರೆ ದಾಟಿ ಹೆಜ್ಜೆ ಇಡುತ್ತಾನೆ, ನಮ್ಮವನು ಪಕ್ಕದವನನ್ನು ಒತ್ತಿಕೊಂಡು ಕೂರುತ್ತಾನೆ. ತಪ್ಪು ಒಂದೇ, ಮಾಡುವ ರೀತಿ ಮೂರು. ಇದನ್ನು ಎಂಜಿನಿಯರಿಗೆ ಹೇಳಿದೆ. ಅಮ್ಮ ನನ್ನ ಜಡೆ ಹಿಡಿದು ಹಿಂದಕ್ಕೆಳೆದಳು.

“ಆದ್ರ ಅಜ್ಜಿ, ಮೋರಿ ಇದರ ಕೆಳಗೇ ಹೋಗಬೇಕ್ರಿ. ಲೈನ್ ಬದಲಿಸೋದು ನನ್ನ ಕೈಯಾಗಿಲ್ಲ,” ಎಂದರು ಎಂಜಿನಿಯರು. ನಗು ಮುಗಿದಿತ್ತು. ಕೆಲಸದವನೊಬ್ಬ ಸುತ್ತಿಗೆಯನ್ನು ಹೆಗಲಿಗೇರಿಸಿದ.

ಅಜ್ಜಿ ಕೈಯಲ್ಲಿದ್ದ ಕ್ರೋಷಾವನ್ನು ಎತ್ತಿ ಹಿಡಿದಳು. “ಇದ್ರಲ್ಲಿ ಒಂದು ಹೆಣಿಗೆ ತಪ್ಪಾಯ್ತು ಅಂತ ಇಟ್ಕೋ. ದಾರ ಕತ್ತರಸ್ತಾರಾ?” ಕಡ್ಡಿ ಕಳಚಿ ದಾರ ಎಳೆದಳು. ನಾಲ್ಕು ಹೆಣಿಗೆ ಸರಸರನೆ ಬಿಚ್ಚಿಕೊಂಡವು. “ಬಿಚ್ಚಿ ಹಿಂದಕ್ಕೆ ಹಾಕ್ಕತಾರೆ. ಈ ಜಗುಲಿ ಕಟ್ಟಿದ್ದಲ್ಲಪ್ಪ, ಇಟ್ಟಿದ್ದು. ಸಿಮೆಂಟಿಲ್ಲ ಗಾರೆಯಿಲ್ಲ. ಬಗ್ಗಿ ನೋಡು.”

ಎಂಜಿನಿಯರು ಬಗ್ಗಿ ನೋಡಿದರು. ನಾವೂ ನೋಡಿದೆವು. ಎಷ್ಟೋ ವರ್ಷದಿಂದ ಅದರ ಮೇಲೆ ಕೂತಿದ್ದ ನಮಗೇ ಅದು ಮರೆತುಹೋಗಿತ್ತು. ಹಿಂದಕ್ಕೆ ಎಲ್ಲಿಗೆ ಹಾಕುವುದು ಎಂದು ಅಪ್ಪ ಕೇಳಿದರು. ಹಿಂದೆ ಗೋಡೆಯಿತ್ತು, ಗೋಡೆಯ ಹಿಂದೆ ನಮ್ಮ ಹಾಲು, ಅಂದರೆ ನಡುಮನೆ.

“ಒಳಕ್ಕೆ,” ಎಂದಳು ಅಜ್ಜಿ.

ಎನ್ ಅಂದರೆ ಒಳಕ್ಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಜಡೆ ಇನ್ನೂ ಅಮ್ಮನ ಕೈಯಲ್ಲಿತ್ತು.

ಆಮೇಲೆ ನಡೆದದ್ದನ್ನು ಬೀದಿಯಲ್ಲಿ ಬಹಳ ವರ್ಷ ಹೇಳಿಕೊಂಡು ನಕ್ಕರು. ಬಾಗಿಲ ಎರಡೂ ರೆಕ್ಕೆ ತೆಗೆದಿಟ್ಟರು. ಒಡೆಯಲು ಬಂದಿದ್ದ ನಾಲ್ವರೇ ಹಾರೆ ಹಾಕಿ ಮೀಟಿದರು. ಇಸ್ತ್ರಿ ಅಂಗಡಿಯವರು ಬಂದರು, ಖಾಲಾನ ಮಕ್ಕಳು ಬಂದರು, ಅಪ್ಪ ಪ್ಯಾಂಟು ಮಡಚಿದರು. ಎಂಜಿನಿಯರು ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟು ತಾವೂ ಒಂದು ಮೂಲೆ ಹಿಡಿದರು. ಕಲ್ಲಿನ ಕೆಳಗೆ ಉರುಳುವ ಮರದ ತುಂಡುಗಳು, ಮುಂದೆ ಹಗ್ಗ. ಕನ್ನಡದಲ್ಲಿ ಎಳೀರಿ, ತಮಿಳಿನಲ್ಲಿ ತಳ್ಳಿ, ಉರ್ದುವಿನಲ್ಲಿ ನಿಲ್ಲಿ, ಎಲ್ಲರೂ ಎಲ್ಲ ಭಾಷೆಯಲ್ಲೂ ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳಿದರು, ಆದರೂ ಕಲ್ಲು ಹೊಸಿಲು ದಾಟಿತು. ದಾಟುವಾಗ ಅಜ್ಜಿ ಅದಕ್ಕೆ ಕುಂಕುಮವಿಟ್ಟಳು. ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗಿತ್ತು. ಅದು ಅರ್ಧ ಹಾಲನ್ನು ನುಂಗಿ ಕೂತಿತು. ಟಿ.ವಿ. ಮೂಲೆಗೆ ಹೋಯಿತು. ಕೆಂಪು ಗುರುತು ಹಾಗೇ ಇತ್ತು.

ಆದರೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಯಾರೂ ಬರಲಿಲ್ಲ.

ಬಾಗಿಲು ತೆರೆದೇ ಇತ್ತು. ಅಜ್ಜಿ ಕಲ್ಲಿನ ಮೇಲೆ, ಯಾವಾಗಲೂ ಕೂರುವ ತುದಿಯಲ್ಲೇ ಕೂತಿದ್ದಳು. ಹೊರಗೆ ಮೋರಿಗೆಂದು ಅಗೆದ ಗುಂಡಿಯ ಮೇಲೆ ಒಂದು ಹಲಗೆ. ಇಸ್ತ್ರಿ ಅಂಗಡಿಯ ಅತ್ತೆ ಬಾಗಿಲ ಮುಂದೆ ನಿಂತು ಒಳಗೆ ಇಣುಕಿ, ಚೆನ್ನಾಗಿ ಕೂತಿದೆ ಕಲ್ಲು ಎಂದು ಹೇಳಿ ಹೊರಟುಹೋದರು. ಖಾಲಾ ತಮ್ಮ ಬಾಗಿಲಲ್ಲೇ ನಿಂತು ಕೈಬೀಸಿದರು. ನನಗೆ ನಿಧಾನವಾಗಿ ಅರ್ಥವಾಯಿತು. ಜಗುಲಿಗೆ ಕರೆಯಬೇಕಾಗಿಲ್ಲ, ಚಪ್ಪಲಿ ಬಿಡಬೇಕಾಗಿಲ್ಲ, ಬಂದವರಿಗೆ ಕಾಫಿ ಕೊಡಬೇಕಾಗಿಲ್ಲ. ಹಾಲು ಎಂದರೆ ಬೇರೆಯವರ ಮನೆ. ನೆಂಟರ ಹಾಗೆ ಬರಬೇಕು, ಬರಲು ಕಾರಣ ಬೇಕು. ಅಜ್ಜಿಯ ಕಡ್ಡಿ ಎರಡು ಸಲ ದಾರ ತಪ್ಪಿಸಿತು. ಅವಳ ಕೈ ತಪ್ಪಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಲ್ಲು ಉಳಿಯಿತು, ಅಜ್ಜಿ ಒಬ್ಬಳೇ ಆದಳು.

ಆಗ ಅವಳ ಮಡಿಲಿಂದ ದಾರದುಂಡೆ ಬಿತ್ತು. ಬಿತ್ತು ಎಂದೇ ಅಜ್ಜಿ ಕೊನೆಯವರೆಗೂ ಸಾಧಿಸಿದಳು. ನಾನು ನೋಡಿದ್ದು ಬೇರೆ. ಅವಳ ಕಾಲಿನ ಹೆಬ್ಬೆರಳು ಉಂಡೆಯನ್ನು ಮೆಲ್ಲಗೆ ತಳ್ಳಿತು. ಅದು ಹೊಸಿಲ ಮೇಲೆ ಒಂದು ಕ್ಷಣ ಯೋಚಿಸಿ, ಹಲಗೆಯ ಮೇಲೆ ಉರುಳಿ, ಬೀದಿಗೆ ಹೋಗಿ, ಬುಟ್ಟಿ ಹೊತ್ತು ಬರುತ್ತಿದ್ದ ಹೂವಿನಾಕೆಯ ಕಾಲಿಗೆ ತಗುಲಿತು.

ಬೀದಿಯಲ್ಲಿ ಬಿದ್ದ ದಾರವನ್ನು ಯಾವ ಹೆಂಗಸೂ ಹಾಗೇ ಬಿಡುವುದಿಲ್ಲ. ಹೂವಿನಾಕೆ ಬಗ್ಗಿ ಉಂಡೆ ಎತ್ತಿದಳು. ಸುತ್ತತೊಡಗಿದಳು. ಸುತ್ತುತ್ತಾ ಒಂದು ಹೆಜ್ಜೆ, ಸುತ್ತುತ್ತಾ ಇನ್ನೊಂದು ಹೆಜ್ಜೆ, ಹಲಗೆ ದಾಟಿದಳು, ಹೊಸಿಲು ದಾಟಿದಳು. ದಾರದ ಇನ್ನೊಂದು ತುದಿ ಅಜ್ಜಿಯ ಕೊಕ್ಕೆಯಲ್ಲಿತ್ತು. ಅಜ್ಜಿ ಮುಖವೆತ್ತದೆ ಹೆಣೆಯುತ್ತಿದ್ದಳು. ಉಂಡೆಯ ಜೊತೆಗೆ ಕಲ್ಲಿನವರೆಗೂ ಬಂದ ಮೇಲೆ ಬುಟ್ಟಿ ಇಳಿಸದೆ ಇರಲು ಹೂವಿನಾಕೆಗೆ ಕಾರಣವೇ ಇರಲಿಲ್ಲ. ಇಳಿಸಿದಳು, ಕೂತಳು.

ನಾನು ಅಡುಗೆಮನೆಗೆ ಓಡಿಹೋಗಿ ಅಮ್ಮನನ್ನು ಹಿಡಿದುಕೊಂಡು ಉಸಿರು ಕಟ್ಟುವ ಹಾಗೆ ನಕ್ಕೆ. “ಒಳಕ್ಕೆ, ಕೊಕ್ಕೆ, ಕೆಲಸ,” ಎಂದೆ. ಅಮ್ಮನಿಗೆ ಏನೂ ತಿಳಿಯಲಿಲ್ಲ, ಆದರೂ ನಕ್ಕಳು.

ಹೂವಿನಾಕೆಯ ಮಾತಿನ ಸದ್ದಿಗೆ ಇಸ್ತ್ರಿ ಅಂಗಡಿಯ ಅತ್ತೆ ಬಂದರು. ಅತ್ತೆ ಏನು ಹೇಳುತ್ತಿದ್ದಾರೋ ಎಂದು ಸೊಸೆ ಬಂದಳು. ಖಾಲಾ ಎಲೆಯಡಿಕೆ ಡಬ್ಬಿ ಹಿಡಿದು ಹಲಗೆಯ ಮೇಲೆ ಮೆಲ್ಲಗೆ ಹೆಜ್ಜೆ ಇಟ್ಟು ಬಂದರು. ವಾರ ಕಳೆಯುವಷ್ಟರಲ್ಲಿ ಅಲ್ಲಿಯವರೆಗೆ ನಮ್ಮ ಮನೆಗೆ ಬಾರದಿದ್ದ ಮೂರನೇ ಬೀದಿಯವರೂ ಕಲ್ಲು ನೋಡುವ ನೆಪದಲ್ಲಿ ಬಂದು ಕೂತರು. ಚಪ್ಪಲಿಗಳು ಹೊಸಿಲಿನಿಂದ ಹಲಗೆಯವರೆಗೆ ಸಾಲುಗಟ್ಟಿದವು. ಅಪ್ಪ ಕ್ರಿಕೆಟ್ ನೋಡಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಏಳು ತಲೆಗಳ ಮೇಲಿಂದ ಕತ್ತು ಚಾಚಬೇಕಾಯಿತು. ಸ್ವಂತ ಹಾಲಿನಲ್ಲಿ ಅವರಿಗೆ ಕೂರಲು ಜಾಗವಿರಲಿಲ್ಲ.

ಮುಂದಿನ ಶನಿವಾರ ಮೋರಿಯ ಕೆಲಸ ಮುಗಿಯಿತೆಂದು ಎಂಜಿನಿಯರು ಅಳೆಯಲು ಬಂದರು. ಟೇಪು ಮಡಚಿ, ಬಾಗಿಲ ಮುಂದೆ ನಿಂತು, ಒಳಗಿನ ಸಂತೆಯನ್ನು ನೋಡಿ, ಹೋಗಿಬರುತ್ತೇನೆ ಎಂದು ಕೈಮುಗಿದರು. ಅವರಿನ್ನೂ ತಿರುಗಿರಲಿಲ್ಲ. ಅಜ್ಜಿಯ ಹೆಬ್ಬೆರಳು ಅಲ್ಲಾಡಿತು. ಉಂಡೆ ಉರುಳಿ ಹೋಗಿ ಅವರ ಬೂಟಿಗೆ ತಾಗಿತು. ಅವರು ಬಗ್ಗಿ ಅದನ್ನು ಎತ್ತಿಕೊಂಡು, ಏನು ಮಾಡುವುದೆಂದು ತಿಳಿಯದೆ, ಸುತ್ತತೊಡಗಿದರು.

ಅಜ್ಜಿ ತಲೆ ಎತ್ತಲಿಲ್ಲ. ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು.

“ಸ್ವಲ್ಪ ಒತ್ಕೊಳ್ರವ್ವ,” ಎಂದಳು. “ಇನ್ನೊಬ್ರು ಬಂದವ್ರೆ.”